ಕ್ವಿನೈನ್ ಬೇರೆ, ಕ್ವಿನೋಲಿನ್ ಬೇರೆ

ಕೃಷ್ಣರಾಜಪೇಟೆ, ಕೃಷ್ಣರಾಜನಗರ, ಕೃಷ್ಣರಾಜಸಾಗರ. ಈ ಮೂರು ಹೆಸರುಗಳ ನಡುವೆ ತಬ್ಬಿಬ್ಬಾಗದ ಹೊರಊರಿನವರು ಕಡಮೆ. ಮೊದಲನೆಯದು ಹಿಂದಿನ ಅತ್ತಿಗುಪ್ಪೆ, ಎರಡನೆಯದು ಎಡತೊರೆ, ಮೂರನೆಯದು ಕನ್ನಂಬಾಡಿ ಕಟ್ಟೆ. ಬೆಂಗಳೂರಿನ ನಮ್ಮ ಬಂಧುವೊಬ್ಬರು ಬೂಕನಕೆರೆಗೆ ಕಳುಹಿಸಿದ ಮದುವೆಯ ಕರೆಯೋಲೆಯ ಮೇಲೆ ಕೆ.ಆರ್. ಪೇಟೆ ಎಂದು ಬರೆಯುವಲ್ಲಿ ಕೆ.ಆರ್. ನಗರ ಎಂದು ಬರೆದು, ಅದು ಎಡತೊರೆಯನ್ನೆಲ್ಲ ಸುತ್ತಿ ನಮ್ಮ ಕೈ ಸೇರುವಷ್ಟರಲ್ಲಿ ಹೆಣ್ಣು ಗಂಡನ ಮನೆ ಸೇರಿದ್ದಳು. ಕರೆಯೋಲೆ ತಪ್ಪಿದರೆ ಒಂದು ಊಟ ತಪ್ಪೀತು. ಔಷಧದ ಹೆಸರು ತಪ್ಪಿದರೆ ಆಗುವುದು ಬೇರೆ. ನನ್ನಿಂದಲೇ ಅಂತಹದೊಂದು ತಪ್ಪು ಒಮ್ಮೆ ಆಗಿಹೋಯಿತು. ಅದನ್ನು ಈವರೆಗೆ ಮನೆಯವರಿಗೂ ಪೂರ್ತಿಯಾಗಿ ಹೇಳಿಲ್ಲ.

ಈ ಲೇಖನಕ್ಕೆ ಕಾರಣ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆ. 2020ರಲ್ಲಿ ಕೊರೋನಾ ಹಾವಳಿಯ ಮೊದಲ ದಿನಗಳಲ್ಲಿ ದೂರವಾಣಿ ಮಾಡಿ, "ಸಾರ್, ಕ್ವಿನೈನ್, ಕ್ಲೋರೋಕ್ವಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎಲ್ಲ ಒಂದೇ ತಾನೆ? ನೀವೇ ಪಾಠದಲ್ಲಿ ಕ್ವಿನೋಲಿನ್ ಅಂತ ಏನೋ ಹೇಳಿದ್ದಿರಿ" ಎಂದು ಕೇಳಿದ. ಒಂದೇ ಅಲ್ಲಪ್ಪಾ ಎಂದು ಹೇಳಿ, ಏಕೆ ಅಲ್ಲ ಎಂಬುದನ್ನು ಬರೆದು ತಿಳಿಸುವೆನೆಂದು ಮಾತು ಕೊಟ್ಟೆ. ಬರೆಯಲು ಇಷ್ಟು ಕಾಲ ಹಿಡಿಯಿತು.

ಮೊದಲು ನಮ್ಮ ಸೀಮೆಯ ಜ್ವರದ ಕಥೆ. ಕಾವೇರಿ, ಹೇಮಾವತಿ, ಲೋಕಪಾವನಿಗಳ ಈ ಬಯಲಿಗೆ ಚಳಿಜ್ವರ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಅಲ್ಲಿಯೇ ತಮ್ಮ ದಂಡನ್ನು ಇರಿಸಿದರು. ಟಿಪ್ಪುವಿನ ಕೋಟೆಯನ್ನು ಗೆದ್ದವರಿಗೆ ಅಲ್ಲಿನ ಜ್ವರವನ್ನು ಗೆಲ್ಲಲಾಗಲಿಲ್ಲ. ಸಿಪಾಯಿಗಳು ಸಾಲುಸಾಲಾಗಿ ಮಲಗಿದರು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಇಂದಿನ ಬೆಂಗಳೂರು ದಂಡುಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣವೆಂದರೆ ಬೆಂಗಳೂರಿನವರು ಒಪ್ಪುವರೋ ಇಲ್ಲವೋ! ಆಗ ಸೊಳ್ಳೆಯ ಮೇಲೆ ಯಾರಿಗೂ ಸಂಶಯವಿರಲಿಲ್ಲ, ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಮಲೇರಿಯ ಎಂಬ ಇಟಾಲಿಯನ್ ಮಾತಿಗೆ ಕೆಟ್ಟ ಗಾಳಿ ಎಂದೇ ಅರ್ಥ. ರೋನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡದ್ದು 1897ರ ಆಗಸ್ಟಿನಲ್ಲಿ. ಅದಕ್ಕೆ ಮುನ್ನ ಆತ ಬೆಂಗಳೂರಿನಲ್ಲಿ ಕಾಲರಾ ಕೆಲಸದ ಮೇಲೆ ಇದ್ದನೆಂಬುದು ನಮ್ಮ ನಾಡಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕ ನಡೆಯಿತು. ಅದರ ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು, ಈಗ ವಿಶ್ವೇಶ್ವರಯ್ಯ ನಾಲೆ. ರಾಗಿ ಹುರುಳಿ ಬೆಳೆಯುತ್ತಿದ್ದ ಬೆದ್ದಲು ಭತ್ತ ಕಬ್ಬುಗಳ ಗದ್ದೆಯಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಇದನ್ನೆಲ್ಲ ಹೊಗಳಿ ಬರೆದವರು ಬಹಳ, ಹೊಗಳತಕ್ಕದ್ದೇ. ಆದರೆ ಅದೇ ನೀರು ಬಸಿದು ನಿಂತಲ್ಲಿ, ಗದ್ದೆಯ ಮೂಲೆಯಲ್ಲಿ, ಕಿರುಗಾಲುವೆಯ ಹುಲ್ಲಿನ ಮರೆಯಲ್ಲಿ ಅನಾಫಿಲಿಸ್ ಸೊಳ್ಳೆಯೂ ಬೆಳೆಯಿತು. ನಾಲೆ ಬಂದ ಮೇಲೆ ಜ್ವರ ಬಂತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ಗೊಣಗಾಟವಲ್ಲ.

ಮೈಸೂರು ಸರ್ಕಾರಕ್ಕೆ ಇದರ ಅರಿವಿರಲಿಲ್ಲವೆಂದು ಹೇಳಲಾಗದು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿಯೇ, ಅಂದರೆ 1920ರ ದಶಕ ಮುಗಿಯುವುದಕ್ಕೆ ಮುನ್ನವೇ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯ ಅಧ್ಯಯನ ಆರಂಭವಾಯಿತು. ಮಲೆನಾಡಿನ ಮೂಡಿಗೆರೆ, ಮಾರಿಕಣಿವೆಯ ಬಳಿಯ ಹಿರಿಯೂರು, ಶ್ರೀರಂಗಪಟ್ಟಣದ ಹತ್ತಿರದ ನಗೇನಹಳ್ಳಿ ಎಂಬ ಮೂರು ಕಡೆ ಕೇಂದ್ರಗಳನ್ನು ತೆರೆದರು. ನಗೇನಹಳ್ಳಿಯನ್ನು ಆರಿಸಿದ್ದು ನೀರಾವರಿಯ ಸೀಮೆಯಲ್ಲಿ ಜ್ವರ ಹೇಗೆ ನಡೆಯುತ್ತದೆಂಬುದನ್ನು ನೋಡುವುದಕ್ಕಾಗಿ. ಸ್ವೀಟ್ ಎಂಬ ಅಮೆರಿಕದ ವೈದ್ಯರೂ ಬಿ.ಎ. ರಾವ್ ಅವರೂ ಈ ಕೆಲಸದಲ್ಲಿ ಹೆಸರಾದವರು. ಇವರಿಬ್ಬರು ಸೊಳ್ಳೆಯ ಮೊಟ್ಟೆಗಳನ್ನು ಅಳೆದು ನೋಡಿ 1937ರಲ್ಲಿ ಒಂದು ಬಗೆಯ ಅನಾಫಿಲಿಸ್ ಸೊಳ್ಳೆಗೆ 'ಮೈಸೊರೆನ್ಸಿಸ್' ಎಂಬ ಹೆಸರನ್ನು ಕೊಟ್ಟರು. ಮೈಸೂರು ಮಲ್ಲಿಗೆ, ಮೈಸೂರು ಪಾಕುಗಳ ಸಾಲಿನಲ್ಲಿ ಮೈಸೂರು ಸೊಳ್ಳೆಯೂ ಇದೆಯೆಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗ ನೀವು ನಕ್ಕದ್ದು ನನಗೆ ನೆನಪಿದೆ.

ಆಗಿನ ಸಮೀಕ್ಷೆಯ ಕ್ರಮವನ್ನು ಇಂದಿನವರು ನೋಡಿಲ್ಲ. ವೈದ್ಯರು ಶಾಲೆಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತುವರು. ಮೇಲಿಂದ ಮೇಲೆ ಚಳಿಜ್ವರ ಬಂದ ಮಗುವಿನ ಗುಲ್ಮ ಊದಿ ಕೈಗೆ ಗಡ್ಡೆಯಾಗಿ ಸಿಗುತ್ತದೆ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ಸಿಕ್ಕಿತೆಂಬುದೇ ಆ ಊರಿನ ಮಲೇರಿಯದ ಅಳತೆ. ಇನ್ನು ನಿವಾರಣೆಗೆ, ನಿಂತ ನೀರಿಗೆ ಪ್ಯಾರಿಸ್ ಗ್ರೀನ್ ಎಂಬ ಹಸುರು ಪುಡಿಯನ್ನು ಎರಚುತ್ತಿದ್ದರು (ಅದರಲ್ಲಿ ತಾಮ್ರವೂ ಪಾಷಾಣವೂ ಉಂಟು). ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತಂದು ಬಾವಿ ಕೆರೆಗಳಿಗೆ ಬಿಟ್ಟರು. ಜ್ವರ ಬಂದವರಿಗೆ ಮಾತ್ರ ಇದ್ದ ಮದ್ದು ಒಂದೇ, ಕ್ವಿನೈನ್.

ನಮ್ಮ ಅಜ್ಜಿ ಅದನ್ನು 'ಕೊಯಿನ' ಎನ್ನುತ್ತಿದ್ದರು. ಅದರ ಕಹಿಯನ್ನು ಬಣ್ಣಿಸುವಾಗ ಮುಖವನ್ನು ಹಿಂಡಿದ ಬಟ್ಟೆಯಂತೆ ಮಾಡಿ, ಬೇವು ಅದರ ಮುಂದೆ ಬೆಲ್ಲ ಎನ್ನುವರು. ನಾಲೆಯ ಬಯಲಿಗೆ ಮದುವೆಯಾಗಿ ಹೋಗಿದ್ದ ಅವರ ತಂಗಿಗೆ ಆ ಪುಡಿಯನ್ನು ನುಂಗಿ ನುಂಗಿ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗುತ್ತಿತ್ತಂತೆ. ಅದು ಕಟ್ಟುಕಥೆಯಲ್ಲ. ಕ್ವಿನೈನ್ ಹೆಚ್ಚಾದರೆ ಕಿವಿ ಮೊರೆಯುವುದು, ತಲೆ ಸುತ್ತುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದ ಲಕ್ಷಣ.

ಈ ಕ್ವಿನೈನ್ ಎಂಬುದು ಏನು? ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಬೆಳೆಯುವ ಸಿಂಕೋನ ಮರದ ತೊಗಟೆಯಲ್ಲಿರುವ ಒಂದು ಸಸ್ಯಕ್ಷಾರ. ಹದಿನೇಳನೆಯ ಶತಮಾನದಲ್ಲಿ ಜೆಸ್ಯುಟ್ ಪಾದ್ರಿಗಳ ಮೂಲಕ ಆ ತೊಗಟೆ ಯೂರೋಪಿಗೆ ಬಂತು. ಪೆರುವಿನ ವೈಸರಾಯನ ಹೆಂಡತಿ, ಚಿಂಚೋನ್ ಪ್ರಾಂತದ ಕೌಂಟೆಸ್, ಇದರಿಂದ ಗುಣ ಹೊಂದಿದಳೆಂಬ ಕಥೆಯನ್ನು ನಂಬಿ ಲಿನೇಯಸ್ 1742ರಲ್ಲಿ ಮರಕ್ಕೆ ಅವಳ ಹೆಸರನ್ನಿಟ್ಟ. ಇಡುವಾಗ ಒಂದು ಅಕ್ಷರವನ್ನು ನುಂಗಿದ. ಕಥೆ ಸುಳ್ಳೆಂದು ಆಮೇಲೆ ಸಂಶೋಧಕರು ತೋರಿಸಿದರು, ಹೆಸರು ಮಾತ್ರ ತಪ್ಪು ಕಾಗುಣಿತದೊಡನೆ ಉಳಿಯಿತು. ಕ್ವಿನೈನ್ ಎಂಬ ಹೆಸರಿನ ಕಥೆ ಇದಕ್ಕಿಂತ ಸೊಗಸು. 'ಕಿನ' ಎಂದರೆ ಅಲ್ಲಿನ ಕೆಚುವಾ ನುಡಿಯಲ್ಲಿ ತೊಗಟೆ. 'ಕಿನಕಿನ' ಎಂಬುದು ಮೊದಲಿಗೆ ಬೇರೊಂದು ಸುಗಂಧದ ಮರದ ಹೆಸರಾಗಿತ್ತು. ವ್ಯಾಪಾರದಲ್ಲಿ ಎರಡು ತೊಗಟೆಗಳೂ ಬೆರೆತು ಹೆಸರು ಸಿಂಕೋನಕ್ಕೆ ಅಂಟಿಕೊಂಡಿತು ಎನ್ನುತ್ತಾರೆ. ಅಂದರೆ ಈ ಮನೆತನದಲ್ಲಿ ಹೆಸರಿನ ಗೊಂದಲ ಹುಟ್ಟಿನಿಂದಲೇ ಬಂದದ್ದು. ಹೋಮಿಯೋಪತಿಯವರ 'ಚೈನಾ' ಎಂಬ ಔಷಧವೂ ಇದೇ ತೊಗಟೆಯದು, ಚೀನಾ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ.

1820ರಲ್ಲಿ ಪ್ಯಾರಿಸಿನ ಪೆಲ್ಟಿಯೇ ಮತ್ತು ಕಾವಂತೂ ಎಂಬ ಇಬ್ಬರು ತೊಗಟೆಯಿಂದ ಶುದ್ಧ ಕ್ವಿನೈನನ್ನು ಬೇರ್ಪಡಿಸಿದರು. 1860ರ ಹೊತ್ತಿಗೆ ಇಂಗ್ಲಿಷರು ಸಿಂಕೋನ ಸಸಿಗಳನ್ನು ನೀಲಗಿರಿಗೆ ತಂದರು. ಮೈಸೂರಿನಿಂದ ಗೂಡಲೂರಿನ ದಾರಿಯಾಗಿ ಊಟಿಗೆ ಹೋದವರಿಗೆ ನಡುವಟ್ಟಂ ಗೊತ್ತಿರಬೇಕು. ಅಲ್ಲಿ ಸಿಂಕೋನ ತೋಟವೂ ಸರ್ಕಾರದ ಕ್ವಿನೈನ್ ಕಾರ್ಖಾನೆಯೂ ಇದ್ದುವು. 1892ರಲ್ಲಿ ಬಂಗಾಳದಲ್ಲಿ ಅಂಚೆ ಕಚೇರಿಗಳ ಮೂಲಕ ಕಾಸಿಗೊಂದರಂತೆ ಕ್ವಿನೈನ್ ಪೊಟ್ಟಣಗಳನ್ನು ಮಾರುವ ಏರ್ಪಾಡಾಗಿ, ಮುಂದೆ ಬೇರೆ ಪ್ರಾಂತಗಳಿಗೂ ಹರಡಿತು.

ಇನ್ನು ಕ್ವಿನೋಲಿನ್. ಇದು ಮದ್ದಲ್ಲ, ಒಂದು ಎಣ್ಣೆ. ಬಣ್ಣವಿಲ್ಲದ, ಬೆಳಕಿನಲ್ಲಿ ಇಟ್ಟರೆ ಹಳದಿಗೆ ತಿರುಗುವ, ಕಟುವಾಸನೆಯ ದ್ರವ. 1834ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕಲ್ಲಿದ್ದಲಿನ ಡಾಂಬರಿನಲ್ಲಿ ಕಂಡ. ಅವನು ಇಟ್ಟ ಹೆಸರೇ ಬೇರೆ. ಎಂಟು ವರ್ಷದ ನಂತರ, 1842ರಲ್ಲಿ, ಗೆರ್ಹಾರ್ಟ್ ಎಂಬಾತ ಸಿಂಕೋನ ತೊಗಟೆಯ ಕ್ಷಾರಗಳನ್ನು ಪೊಟ್ಯಾಷಿನೊಡನೆ ಕಾಸಿ ಬಟ್ಟಿಯಿಳಿಸಿದಾಗ ಒಂದು ಎಣ್ಣೆ ಬಂತು. ಕಿನದಿಂದ ಬಂದ ಎಣ್ಣೆಯಾದ್ದರಿಂದ, ಕಿನಕ್ಕೆ ಎಣ್ಣೆಯ ಲ್ಯಾಟಿನ್ ಹೆಸರಾದ 'ಓಲಿಯಂ' ಸೇರಿಸಿ ಕ್ವಿನೋಲಿನ್ ಎಂದರು. ಡಾಂಬರಿನ ಎಣ್ಣೆಯೂ ತೊಗಟೆಯ ಎಣ್ಣೆಯೂ ಒಂದೇ ಎಂಬುದು ಆಮೇಲೆ ಸ್ಥಿರವಾಯಿತು. ಇಷ್ಟರಿಂದ ಕ್ವಿನೈನಿಗೂ ಕ್ವಿನೋಲಿನ್‌ಗೂ ಇರುವ ನಂಟು ನಿಮಗೆ ತಿಳಿದಿರಬೇಕು. ಕ್ವಿನೈನನ್ನು ಸುಟ್ಟು ಒಡೆದರೆ ಸಿಗುವ ಒಂದು ತುಂಡು ಕ್ವಿನೋಲಿನ್. ಕ್ವಿನೈನಿನ ಒಂದು ಅಣುವಿನಲ್ಲಿ 20 ಇಂಗಾಲ, 24 ಜಲಜನಕ, 2 ಸಾರಜನಕ, 2 ಆಮ್ಲಜನಕ ಪರಮಾಣುಗಳುಂಟು. ಕ್ವಿನೋಲಿನ್‌ನಲ್ಲಿ 9 ಇಂಗಾಲ, 7 ಜಲಜನಕ, 1 ಸಾರಜನಕ ಅಷ್ಟೆ. ಮನೆಯನ್ನು ಕೆಡವಿದರೆ ತೊಲೆ ಸಿಗುತ್ತದೆ. ತೊಲೆ ಮನೆಯಲ್ಲ, ಅದೇ ತೊಲೆಯನ್ನು ದೇವಸ್ಥಾನಕ್ಕೂ ಹಾಕಬಹುದು, ದನದ ಕೊಟ್ಟಿಗೆಗೂ ಹಾಕಬಹುದು. ಮಿಠಾಯಿಗಳಿಗೆ ಹಾಕುವ ಒಂದು ಹಳದಿ ಬಣ್ಣವೂ ಕ್ವಿನೋಲಿನ್‌ನಿಂದಲೇ ಆದದ್ದು.

ಈ ಗೊಂದಲಕ್ಕೆ ದೊಡ್ಡವರೂ ಬಿದ್ದರು. ಡಾಂಬರಿನಿಂದ ಕ್ವಿನೈನ್ ಮಾಡಬಹುದೆಂದು ಲಂಡನ್ನಿನ ಆಚಾರ್ಯ ಹಾಫ್‌ಮನ್ ಹಂಬಲಿಸಿದ. ಪರಮಾಣುಗಳ ಲೆಕ್ಕ ಸರಿಹೋದರೆ ಸಾಕೆಂದುಕೊಂಡು ಅವನ ಶಿಷ್ಯ, ಹದಿನೆಂಟು ವರ್ಷದ ಪರ್ಕಿನ್, 1856ರಲ್ಲಿ ಪ್ರಯೋಗ ಮಾಡಿದ. ಕ್ವಿನೈನ್ ಬರಲಿಲ್ಲ, ಕೊಳಕು ಕೆಸರು ಬಂತು. ಅನಿಲಿನ್ ತೆಗೆದುಕೊಂಡು ಮತ್ತೆ ಮಾಡಿದಾಗ ಬಂದ ಕರಿಯ ಗಸಿಯಿಂದ ನೇರಳೆ ಬಣ್ಣ ಹೊರಟಿತು. ಕೃತಕ ಬಣ್ಣಗಳ ಉದ್ಯಮವೇ ಅಲ್ಲಿಂದ ಮೊದಲಾಯಿತು. ಮದ್ದನ್ನು ಹುಡುಕಿ ಬಣ್ಣ ಸಿಕ್ಕಿದ ಈ ಕಥೆಯನ್ನು ನಾನು ಪ್ರತಿವರ್ಷವೂ ಹೇಳುತ್ತಿದ್ದೆ. ನನ್ನ ಸ್ವಂತ ಕಥೆಯನ್ನು ಮಾತ್ರ ಹೇಳುತ್ತಿರಲಿಲ್ಲ.

ಅದು 1976. ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಬಹುಮಟ್ಟಿಗೆ ಅಡಗಿಸಿದೆವೆಂದು ದೇಶವೆಲ್ಲ ನೆಮ್ಮದಿಯಿಂದಿದ್ದಾಗ ಅದು ತಿರುಗಿ ಬಿದ್ದ ವರ್ಷ. ಭಾರತದಲ್ಲಿ ಆ ಒಂದು ವರ್ಷ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದುವು. ನಾನು ಆಗಷ್ಟೇ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಪಾಂಡವಪುರದ ಕಡೆ ನಾಲೆಯ ಬಯಲಿನಲ್ಲಿದ್ದ ಚಿಕ್ಕಪ್ಪನವರಿಗೆ ದಿನ ಬಿಟ್ಟು ದಿನ ನಡುಕ, ಆಮೇಲೆ ಸುಡುವ ಮೈ, ಆಮೇಲೆ ಬೆವರು. ರಜೆಗೆಂದು ಹೋಗಿದ್ದ ನನಗೂ ಅದು ಚಳಿಜ್ವರವೆಂದು ತಿಳಿಯಿತು. ಚಿಕ್ಕಮ್ಮ ಅಟ್ಟದ ಡಬ್ಬಿಯಿಂದ ಒಂದು ಮಾತ್ರೆಯ ಪಟ್ಟಿಯನ್ನು ತಂದು, "ನೋಡಪ್ಪ, ಇದು ಯಾತರದು" ಎಂದು ಕೇಳಿದರು. ಪಟ್ಟಿಯ ಅರ್ಧ ಹರಿದಿತ್ತು, ಮಾರಾಟದ ಹೆಸರು ಕಾಣುತ್ತಿರಲಿಲ್ಲ. ಸಣ್ಣ ಅಕ್ಷರಗಳಲ್ಲಿ 'ಅಯೋಡೋಕ್ಲೋರೋಹೈಡ್ರಾಕ್ಸಿಕ್ವಿನೋಲಿನ್' ಎಂದಿತ್ತು. ಅಷ್ಟುದ್ದದ ಹೆಸರನ್ನು ತಡವರಿಸದೆ ಓದಿದೆನೆಂಬ ಹೆಮ್ಮೆಯೂ ಇತ್ತು. ಕೊನೆಯ ಕ್ವಿನೋಲಿನ್ ಎಂಬುದನ್ನು ಹಿಡಿದುಕೊಂಡು, "ಇದು ಕ್ವಿನೈನಿನ ಜಾತಿಯದೇ ಚಿಕ್ಕಮ್ಮ, ಜ್ವರಕ್ಕೆ ಆಗುತ್ತದೆ, ಕೊಡಿ" ಎಂದೆ. ಮನೆಯಲ್ಲಿ ಓದಿದವನು ನಾನೊಬ್ಬನೇ. ನನ್ನ ಮಾತನ್ನು ಯಾರು ಮೀರುತ್ತಾರೆ?

ಅದು ಭೇದಿಗೆ, ಆಮಶಂಕೆಗೆ ಕೊಡುತ್ತಿದ್ದ ಮಾತ್ರೆ. ಕರುಳಿನ ಅಮೀಬಕ್ಕೆ ಎಂದು ಮಾಡಿದ್ದು. ರಕ್ತದಲ್ಲಿರುವ ಮಲೇರಿಯದ ರೋಗಾಣುವಿನ ಗೊಡವೆಗೆ ಅದು ಹೋಗುವುದಿಲ್ಲ. ಜ್ವರ ಬಿಟ್ಟ ದಿನ ಮದ್ದು ಹಿಡಿಯಿತೆಂದು ಸಮಾಧಾನಪಟ್ಟೆವು. ದಿನ ಬಿಟ್ಟು ಬರುವ ಜ್ವರಕ್ಕೆ ಬಿಡುವಿನ ದಿನವೊಂದು ಇದ್ದೇ ಇರುತ್ತದೆ, ಅದು ಮಾತ್ರೆಯ ಗುಣವಲ್ಲ. ಹೀಗೆ ಐದು ದಿನಗಳು ಹೋದುವು. ಆರನೆಯ ದಿನ ಚಿಕ್ಕಪ್ಪನವರ ಕಣ್ಣು ಹಳದಿಗೆ ತಿರುಗಿ, ಮಾತು ತೊದಲತೊಡಗಿತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟೆವು. ಗಾಡಿಯ ಹಿಂದೆ ನಡೆಯುತ್ತಾ ನಾನು ಆ ಹೆಸರನ್ನು ಮನಸ್ಸಿನಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಸ್ಪತ್ರೆಯ ವೈದ್ಯರು ಬೆರಳಿನ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡರು. ಏನು ಕೊಟ್ಟಿರಿ ಎಂದಾಗ ನಾನು ಆ ಪಟ್ಟಿಯನ್ನು ಮುಂದೆ ಹಿಡಿದೆ. ಅವರು ಗದರಿಸಲಿಲ್ಲ. ಕ್ಲೋರೋಕ್ವಿನ್ ಆರಂಭಿಸಿ, ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ಇದು: "ಮೇಷ್ಟ್ರೇ, ನಾನೀಗ ಕೊಟ್ಟದ್ದೂ ಕ್ವಿನೋಲಿನ್‌ನಿಂದ ಆದದ್ದೇ. ನಾಳೆ ನಾಡಿದ್ದು ಕೊಡುವ ಪ್ರೈಮಾಕ್ವಿನ್ನೂ ಅದರಿಂದಲೇ. ನೀವು ಹೇಳಿದ್ದು ಪೂರಾ ಸುಳ್ಳಾಗಿದ್ದರೆ ನಿಮಗೇ ಅನುಮಾನ ಬರುತ್ತಿತ್ತು. ಅರ್ಧ ನಿಜವಾಗಿತ್ತು, ಅದಕ್ಕೇ ಬರಲಿಲ್ಲ." ಕ್ವಿನೋಲಿನ್ ಎಂಬ ಒಂದೇ ಚೌಕಟ್ಟಿಗೆ ಯಾವ ಮೂಲೆಯಲ್ಲಿ ಏನನ್ನು ಜೋಡಿಸಿದ್ದಾರೆ ಎಂಬುದರ ಮೇಲೆ ಅದರ ಗುಣ ನಿಲ್ಲುತ್ತದೆ. ನಾಲ್ಕನೆಯ ಸ್ಥಾನದಲ್ಲಿ ಸಾರಜನಕದ ಒಂದು ಸರಪಳಿ ಬಂದರೆ ಕ್ಲೋರೋಕ್ವಿನ್. ಎಂಟನೆಯದರಲ್ಲಿ ಬಂದರೆ ಪ್ರೈಮಾಕ್ವಿನ್. ಎಂಟರಲ್ಲಿ ಹೈಡ್ರಾಕ್ಸಿ, ಜೊತೆಗೆ ಕ್ಲೋರಿನ್, ಅಯೋಡಿನ್ ಬಂದರೆ ಭೇದಿಯ ಮಾತ್ರೆ. ಪೇಟೆಯೋ ನಗರವೋ ಸಾಗರವೋ ಎಂದು ನೋಡದೆ ನಾನು ಕೃಷ್ಣರಾಜ ಎಂಬುದನ್ನು ಮಾತ್ರ ಓದಿ ಬಸ್ಸು ಹತ್ತಿದ್ದೆ.

ಆ ಭೇದಿಯ ಮಾತ್ರೆಯ ಚರಿತ್ರೆಯನ್ನು ನಾನು ಆಮೇಲೆ ಓದಿದೆ. ಜಪಾನಿನಲ್ಲಿ ಅದನ್ನು ಹೆಚ್ಚು ಪ್ರಮಾಣದಲ್ಲಿ, ಬಹುದಿನ ತೆಗೆದುಕೊಂಡ ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ಕಾಲು ಮತ್ತು ಕಣ್ಣಿನ ನರಗಳು ಕೆಟ್ಟುವು. 1970ರಲ್ಲಿಯೇ ಆ ದೇಶ ಅದರ ಮಾರಾಟವನ್ನು ನಿಲ್ಲಿಸಿತ್ತು. ನಮ್ಮಲ್ಲಿ ಆರು ವರ್ಷ ಕಳೆದ ಮೇಲೂ ಅಟ್ಟದ ಡಬ್ಬಿಯಲ್ಲಿತ್ತು. ಐದು ದಿನಕ್ಕೆ ಅಂತಹ ಕೇಡೇನೂ ಆಗದೆ ಚಿಕ್ಕಪ್ಪನವರು ಉಳಿದರು. ಆದರೆ ಆ ವರ್ಷದ ನಾಟಿಗೆ ಅವರು ಗದ್ದೆಗೆ ಇಳಿಯಲಾಗಲಿಲ್ಲ. ಗದ್ದೆಯನ್ನು ವಾರಕ್ಕೆ ಕೊಟ್ಟರು, ಹಿರಿಯ ಮಗ ಶಾಲೆ ಬಿಟ್ಟ. ಓದಿನಲ್ಲಿ ಅವನು ನನಗಿಂತ ಚುರುಕಾಗಿದ್ದ. ಜ್ವರವೇ ಹಾಗಿತ್ತು ಎಂದು ಮನೆಯವರೆಲ್ಲ ತಿಳಿದರು. ನಾನೂ ಹಾಗೆಯೇ ತಿಳಿಯಲು ಬಿಟ್ಟೆ.

ಕ್ಲೋರೋಕ್ವಿನ್‌ನ ಹುಟ್ಟೂ ವಿಚಿತ್ರವಾದದ್ದು. 1934ರಲ್ಲಿ ಜರ್ಮನಿಯಲ್ಲಿ ಹ್ಯಾನ್ಸ್ ಆಂಡರ್ಸಾಗ್ ಅದನ್ನು ತಯಾರಿಸಿದ. ವಿಷ ಹೆಚ್ಚೆಂದು ಮೂಲೆಗಿಟ್ಟರು. 1942ರಲ್ಲಿ ಜಪಾನೀಯರು ಜಾವಾ ದ್ವೀಪವನ್ನು ಹಿಡಿದಾಗ ಜಗತ್ತಿನ ಕ್ವಿನೈನಿನ ಬಹುಪಾಲು ಒಮ್ಮೆಗೇ ಕೈತಪ್ಪಿತು. ಆಗ ಅಮೆರಿಕನ್ನರು ಬೇರೆ ಮದ್ದುಗಳನ್ನು ಹುಡುಕುತ್ತಾ ಇದನ್ನು ಮತ್ತೆ ಪರೀಕ್ಷಿಸಿ, ಉತ್ತಮವಾದದ್ದೆಂದು ಕಂಡರು. ವುಡ್‌ವರ್ಡ್ ಮತ್ತು ಡೋರಿಂಗ್ ಎಂಬಿಬ್ಬರು 1944ರಲ್ಲಿ ಪ್ರಯೋಗಶಾಲೆಯಲ್ಲಿ ಕ್ವಿನೈನಿಗೆ ದಾರಿ ಮಾಡಿದರು. ಪರ್ಕಿನ್ನನ ಕನಸು ಹೀಗೆ 88 ವರ್ಷಕ್ಕೆ ಕೈಗೂಡಿತು, ಆದರೆ ತೊಗಟೆಯಿಂದ ತೆಗೆಯುವುದೇ ಇಂದಿಗೂ ಅಗ್ಗ. ಈಗ ಕಠಿಣವಾದ ಮಲೇರಿಯಕ್ಕೆ ಆರ್ಟಿಸುನೇಟ್ ಎಂಬ ಬೇರೆ ಕುಲದ ಮದ್ದನ್ನು ಕೊಡುತ್ತಾರೆ, ಕ್ವಿನೈನ್ ಹಿಂದಿನ ಸಾಲಿಗೆ ಸರಿದಿದೆ.

2020ಕ್ಕೆ ಬರೋಣ. ಆ ಮಾರ್ಚಿಯಲ್ಲಿ ಕೊರೋನಾಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ರಾಮಬಾಣವೆಂಬ ಸುದ್ದಿ ಹಬ್ಬಿತು. ನಮ್ಮ ದೇಶದಲ್ಲಿ ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಕೊಡಬಹುದೆಂಬ ಸೂಚನೆಯೂ ಹೊರಟಿತ್ತು. ಕೆಲವೇ ತಿಂಗಳಲ್ಲಿ ದೊಡ್ಡ ಪರೀಕ್ಷೆಗಳು ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿದುವು. ಅಷ್ಟರಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಬ್ಬಾತ ಮೀನಿನ ತೊಟ್ಟಿಗೆ ಹಾಕುವ ಕ್ಲೋರೋಕ್ವಿನ್ ಫಾಸ್ಫೇಟ್ ಪುಡಿಯನ್ನು ನುಂಗಿ ತೀರಿಕೊಂಡ. ಟೆಲಿವಿಷನ್ನಿನಲ್ಲಿ ಕೇಳಿದ ಹೆಸರೇ ಡಬ್ಬಿಯ ಮೇಲೂ ಇತ್ತಂತೆ. ಆ ಸುದ್ದಿಯನ್ನು ಓದಿದ ದಿನ ನನಗೆ ಎತ್ತಿನ ಗಾಡಿ ನೆನಪಾಯಿತು. ಮರುವಾರ ಆ ಹಳೆಯ ವಿದ್ಯಾರ್ಥಿಯ ಕರೆ ಬಂತು.

ಚಿಕ್ಕಪ್ಪನವರು ಈಗಿಲ್ಲ, ಚಿಕ್ಕಮ್ಮನೂ ಇಲ್ಲ. ಶಾಲೆ ಬಿಟ್ಟ ಆ ತಮ್ಮ ಗದ್ದೆಯನ್ನು ಬಿಡಿಸಿಕೊಂಡು, ಮಕ್ಕಳನ್ನು ಚೆನ್ನಾಗಿ ಓದಿಸಿದ್ದಾನೆ. ಅವರಲ್ಲಿ ಒಬ್ಬಳು ಔಷಧಶಾಸ್ತ್ರವನ್ನೇ ಕಲಿತು ಮೈಸೂರಿನಲ್ಲಿದ್ದಾಳೆ. ಇದನ್ನು ಮೊದಲು ಓದುವವಳು ಅವಳೇ ಎಂದು ಬಲ್ಲೆ. ಮಗು, ನಿನ್ನ ತಂದೆಗೆ ಇದನ್ನು ನೀನೇ ಓದಿ ಹೇಳು. ಯುಗಾದಿಗೆ ಊರಿಗೆ ಬಂದಾಗ ನಾನೇ ಅವನ ಎದುರು ಕುಳಿತು ಮಾತಾಡುತ್ತೇನೆ. ಇದರಲ್ಲಿ ರಸಾಯನಶಾಸ್ತ್ರದ ತಪ್ಪೇನಾದರೂ ಇದ್ದರೆ ಅದನ್ನೂ ಆಗಲೇ ತಿದ್ದಿಬಿಡು.